ರೊಟ್ಟಿ ದೊಡ್ಡಮ್ಮನ ಪರಮಪ್ರಸಾದ

ನಮ್ಮ ಚರ್ಚಿನ ಭಾನುವಾರದ ಪೂಜೆಗೆ ರೊಟ್ಟಿ ಮಾಡಿಕೊಡುವವರು ನನ್ನ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಅವರ ಕೈಯ ರೊಟ್ಟಿಯನ್ನು ಇಡೀ ಊರಿನ ಭಕ್ತರು ಪರಮಪ್ರಸಾದವಾಗಿ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಾರೆ. ಮೂವತ್ತೊಂದು ವರ್ಷ ಅದು ಸಿಗದೇ ಇದ್ದದ್ದು ದೊಡ್ಡಮ್ಮ, ದೊಡ್ಡಪ್ಪ ಇಬ್ಬರಿಗೆ ಮಾತ್ರ. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದೊಡ್ಡಪ್ಪ ನಲ್ಲಿ ರಿಪೇರಿಯವರು. ಚರ್ಚಿನ ಅಂಗಳದ ಸೋರುವ ನಲ್ಲಿ ಸರಿಮಾಡಲು ಬಂದು, ಅಲ್ಲಿ ನೀರಿಗೆ ನಿಂತಿದ್ದ ದೊಡ್ಡಮ್ಮನನ್ನು ನೋಡಿದರು. ಆಮೇಲೆ ಆ ನಲ್ಲಿ ವಾರಕ್ಕೊಮ್ಮೆ ಕೆಡತೊಡಗಿತು. ಆದರೆ ಅವರಿಗೆ ಅದಾಗಲೇ ಒಂದು ಮದುವೆಯಾಗಿತ್ತು. ಆ ಹೆಂಡತಿ ಎರಡೇ ವರ್ಷಕ್ಕೆ ಬಿಟ್ಟುಹೋಗಿ ಬೇರೆ ಊರಿನಲ್ಲಿ ಬದುಕು ಕಟ್ಟಿಕೊಂಡಿದ್ದಳು. ಕೋರ್ಟು ವಿಚ್ಛೇದನ ಕೊಟ್ಟಿತ್ತು, ಚರ್ಚು ಅದನ್ನು ಒಪ್ಪಲಿಲ್ಲ. ಚರ್ಚಿನ ಲೆಕ್ಕದಲ್ಲಿ ಆ ಹೆಂಡತಿ ಬದುಕಿರುವವರೆಗೂ ಮೊದಲ ಮದುವೆಯೇ ಮದುವೆ. ಇವರಿಬ್ಬರೂ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಪೂಜೆಗೆ ಬರಬಹುದು, ಪ್ರಸಾದಕ್ಕೆ ಮಾತ್ರ ಬರುವ ಹಾಗಿಲ್ಲ ಎಂದು ಆಗಿನ ಹಳೆಯ ಫಾದರ್ ತೀರ್ಪು ಕೊಟ್ಟರು.

ದೊಡ್ಡಮ್ಮ "ಸರಿ ಫಾದರ್" ಅಂದರು. ಆ ಶನಿವಾರ ಎಂದಿನಂತೆ ಒಲೆ ಹಚ್ಚಿದರು.

ಹಿಟ್ಟು, ನೀರು, ಅಷ್ಟೇ. ಉಪ್ಪೂ ಇಲ್ಲ. ಹಿಡಿಯಿರುವ ಎರಡು ಕಬ್ಬಿಣದ ತಟ್ಟೆಗಳ ನಡುವೆ ಒಂದು ಸೌಟು ಹಿಟ್ಟು ಬಿಟ್ಟು ಒತ್ತಿ ಹಿಡಿದರೆ ಸುಂಯ್ ಎಂದು ಆವಿ ಬರುತ್ತದೆ, ತೆರೆದರೆ ಕಾಗದದಷ್ಟು ತೆಳ್ಳಗಿನ ಹಾಳೆ, ಅದರ ಮೇಲೆ ಶಿಲುಬೆಯ ಗುರುತು. ಹಾಗೇ ಕತ್ತರಿಸಿದರೆ ಪುಡಿಯಾಗುತ್ತದೆ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಮೆತ್ತಗಾದ ಮೇಲೆ ದುಂಡಗೆ ಕತ್ತರಿಸುತ್ತಾರೆ. ಅಂಚು ಮುರಿದದ್ದು ಒಂದೂ ಚರ್ಚಿನ ಡಬ್ಬಕ್ಕೆ ಹೋಗುವಂತಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಆರಿಸುತ್ತಾರೆ.

"ನಿಮಗ್ಯಾಕೆ ದೊಡ್ಡಮ್ಮ ಈ ಚಾಕರಿ? ನಿಮ್ಮನ್ನ ಹೊರಗಿಟ್ಟವರಿಗೆ ನೀವು ಬೇಯಿಸಿ ಹಾಕ್ಬೇಕಾ?" ಎಂದು ನಾನು ಎಷ್ಟೋ ಸಲ ಕೂಗಾಡಿದ್ದೇನೆ.

"ಹೊರಗಿಟ್ಟಿರೋದು ಫಾದರ್ ಕಣೇ, ಅವನಲ್ಲ," ಎನ್ನುತ್ತಿದ್ದರು. ಅವನು ಎಂದರೆ ದೇವರು. ದೊಡ್ಡಮ್ಮ ಅವನೊಂದಿಗೆ ಪಕ್ಕದ ಮನೆಯವನ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದರು. ತಟ್ಟೆಗೆ ಹಿಟ್ಟು ಅಂಟಿಕೊಂಡರೆ, "ನೋಡ್ತಾ ನಿಂತಿದ್ದೀಯಲ್ಲ, ಸ್ವಲ್ಪ ಕೈ ಕೊಡಬಾರದಾ?" ಎಂದು ಅವನನ್ನೇ ಗದರುತ್ತಿದ್ದರು. ಭಾನುವಾರ ಕೊನೆಯ ಬೆಂಚಿನಲ್ಲಿ ಗಂಡನ ಜೊತೆ ಕೂರುವರು. ಎಲ್ಲರೂ ಪ್ರಸಾದಕ್ಕೆ ಏಳುವಾಗ ದಾರಿ ಬಿಡಲು ಮೊಣಕಾಲು ಪಕ್ಕಕ್ಕೆ ತಿರುಗಿಸುವರು. ಆ ಮೊಣಕಾಲುಗಳನ್ನು ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ನಮ್ಮಮ್ಮ ಚಪ್ಪಲಿ ಬಿಡುವುದನ್ನೂ ಮರೆತು ದೊಡ್ಡಮ್ಮನ ಅಡುಗೆಮನೆಗೆ ನುಗ್ಗಿದರು. ಹಿಂದೆ ನಾನು, ಕೈಯಲ್ಲಿ ಅಂಗಡಿಯ ಸಿಹಿಯ ಪೊಟ್ಟಣ.

"ಅಕ್ಕಾ, ಒಳ್ಳೆ ಸುದ್ದಿ! ಅವಳು ಹೋಗಿಬಿಟ್ಟಳಂತೆ!"

"ಯಾರು?"

"ಅವಳೇ, ಭಾವನ ಮೊದಲನೆಯವಳು. ಮೊನ್ನೆ ಎದೆನೋವು ಬಂತಂತೆ. ಫಾದರ್‌ನ ಕೇಳ್ಕೊಂಡೇ ಬಂದೆ. ಇನ್ನು ಚರ್ಚಲ್ಲಿ ನಿಮ್ಮ ಮದುವೆ ಮಾಡಿಕೊಡ್ತಾರೆ. ನಿಂಗೆ ಪ್ರಸಾದ ಸಿಗುತ್ತೆ ಅಕ್ಕ!"

ದೊಡ್ಡಮ್ಮ ಮಿಸುಕಲಿಲ್ಲ. ಒಲೆಯ ಮೇಲಿದ್ದ ತಟ್ಟೆಯಿಂದ ಸೀದ ವಾಸನೆ ಬಂತು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ರೊಟ್ಟಿ ಕರಕಲಾದದ್ದನ್ನು ನಾನು ನೋಡಿದ್ದು ಅಂದೇ. ದೊಡ್ಡಪ್ಪ ಸ್ಪ್ಯಾನರ್ ಹಿಡಿದುಕೊಂಡೇ ಬಾಗಿಲಲ್ಲಿ ಕುಸಿದು ಕೂತರು.

"ಒಂದು ಹೆಣ್ಣು ಸತ್ತಿದೆ, ನೀವು ಸಿಹಿ ಹಿಡ್ಕೊಂಡು ಬಂದಿದ್ದೀರಾ?" ಎಂದರು ದೊಡ್ಡಮ್ಮ. ದನಿ ಏರಿಸಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಪೊಟ್ಟಣವನ್ನು ಎಲ್ಲಿ ಬಚ್ಚಿಡುವುದೋ ತಿಳಿಯಲಿಲ್ಲ.

ಈಗಿನ ಫಾದರ್ ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ಮರುದಿನ ಅವರೇ ಮನೆಗೆ ಬಂದು, ಇದೇ ವಾರ ಮದುವೆ ಮುಗಿಸಿಬಿಡೋಣ ಎಂದರು. ದೊಡ್ಡಮ್ಮ ಒಪ್ಪಲಿಲ್ಲ. "ಮೊದಲು ಅವಳ ಆತ್ಮಕ್ಕೊಂದು ಪೂಜೆ ಇಡಿ ಫಾದರ್. ನನ್ನದು ನಿಧಾನಕ್ಕೆ ಆಗಲಿ. ಆಮೇಲೆ, ಮದುವೆಗೆ ಮುಂಚೆ ನಾನು ಪಾಪನಿವೇದನೆ ಮಾಡ್ಬೇಕು."

ಆ ಪೂಜೆಯಾಯಿತು. ಒಂದು ತಿಂಗಳು ಕಳೆದ ಮೇಲೆ ಪಾಪನಿವೇದನೆಗೆ ನಾನೇ ಕರೆದುಕೊಂಡು ಹೋದೆ. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಇರುವೆಯನ್ನೂ ದಾಟಿ ನಡೆಯುವ ಈ ಹೆಂಗಸು ಅಷ್ಟು ಹೊತ್ತು ಹೇಳುವಂಥ ಪಾಪವಾದರೂ ಯಾವುದಪ್ಪಾ ಎಂದು ನನಗೆ ತಲೆ ಕೆಟ್ಟುಹೋಯಿತು. ಬರುವ ದಾರಿಯಲ್ಲಿ ಅವರೇ ಬಾಯಿಬಿಟ್ಟರು.

"ಆ ಹಳೇ ಫಾದರ್ ಒಂದು ಮಾತು ಹೇಳಿದ್ರು. ಸಮಾಧಾನಕ್ಕೇ ಹೇಳಿದ್ರು, ಪಾಪ. 'ಅವಳು ಕಣ್ಣು ಮುಚ್ಚಿದರೆ ನಿನ್ನ ದಾರಿ ತಾನಾಗೇ ತೆರೆಯುತ್ತಮ್ಮ, ಕಾದಿರು' ಅಂತ. ಕಾಯೋದು ಅಂದ್ರೇನು? ಅವಳ ಸಾವು ಕಾಯೋದು ತಾನೇ? ಅವತ್ತಿಂದ ದಿನಾ ಅವಳ ಆಯಸ್ಸಿಗೆ ಜಪಸರ ಹೇಳ್ತಾ ಬಂದೆ. ಒಂದು ದಿನ ಮಾತ್ರ ಹೇಳಲಿಲ್ಲ."

"ಯಾವತ್ತು?"

"ನೀನು ಮೊದಲನೇ ಸಲ ಪ್ರಸಾದ ತಗೊಂಡೆಯಲ್ಲ, ಅವತ್ತು. ಬಿಳಿ ಫ್ರಾಕ್ ಹಾಕ್ಕೊಂಡು ನಾಲಿಗೆ ಚಾಚಿ ನಿಂತಿದ್ದೆ. ಪಕ್ಕದಲ್ಲಿ ನಿಮ್ಮಮ್ಮ. ನಂಗೂ ನಿನ್ನ ಪಕ್ಕ ನಿಲ್ಲಬೇಕು ಅನ್ನಿಸಿಬಿಡ್ತು. 'ಅವಳು ಸಾಯಬಾರದಾ' ಅಂದ್ಕೊಂಡೆ. ಒಂದೇ ಸಲ."

ನಾನು ರಸ್ತೆಯಲ್ಲೇ ನಿಂತು ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ. ದೊಡ್ಡಮ್ಮ ತಮ್ಮ ಸೆರಗಿನಿಂದ ನನ್ನ ಮೂಗು ಒರೆಸಿ, "ಸಾಕು ನಡಿ, ಜನ ನೋಡ್ತಾರೆ," ಎಂದು ನನ್ನನ್ನು ಎಳೆದುಕೊಂಡು ಹೊರಟರು.

ಮದುವೆ ಒಂದು ಬುಧವಾರ ಬೆಳಿಗ್ಗೆ ನಡೆಯಿತು. ನಾವು ಮನೆಯವರಷ್ಟೇ ಇದ್ದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಿಗಿದುಕೊಂಡು ನಿಂತಿದ್ದರು. ಪ್ರಸಾದದ ಹೊತ್ತಿಗೆ ದೊಡ್ಡಮ್ಮ ಕೈಜೋಡಿಸಿ, ಕಣ್ಣುಮುಚ್ಚಿ ಬಾಯಿ ತೆರೆದರು. ನಮ್ಮಮ್ಮ ಬಾಯಿಗೆ ಕರ್ಚೀಫು ತುರುಕಿಕೊಂಡು ಅಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಫಾದರ್ ಬಾಗಿಲವರೆಗೂ ಬಂದರು. ಅವರ ಮುಖ ಅರಳಿತ್ತು. ಎಷ್ಟೋ ವರ್ಷದ ಹಳೆಯ ತಪ್ಪೊಂದನ್ನು ತಮ್ಮ ಕೈಯಾರೆ ಸರಿಮಾಡಿದ ಸಂತೋಷ ಅವರಿಗೆ. ಅದು ಸಹಜವೇ.

"ಅಮ್ಮಾ, ಈಗ ಖುಷಿ ಆಯ್ತಾ?"

"ಆಯ್ತು ಫಾದರ್. ತುಂಬಾ ಆಯ್ತು," ಎಂದರು ದೊಡ್ಡಮ್ಮ. ಫಾದರ್ ಅವರ ಎರಡೂ ಕೈಗಳನ್ನು ಹಿಡಿದುಕೊಂಡು, ಮನೆಮಗನಿಗೆ ಹೇಳುವಷ್ಟೇ ಮೆತ್ತಗೆ ಹೇಳಿದರು: "ಅವಳು ಬದುಕಿದ್ದಾಗಲೇ ನಮ್ಮನ್ನ ಕರೆದಿದ್ರೆ ಇನ್ನೂ ಹೆಚ್ಚು ಆಗ್ತಿತ್ತಪ್ಪ."