ಮೂರನೆಯ ಸಾಲು

ನನ್ನ ಹೆಂಡತಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ತಲೆಬಿಸಿ. ಬ್ರೌಸರ್‌ನಲ್ಲಿ ಒಂದು ಲಿಂಕಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಪುಟ್ಟದೊಂದು ಮೆನು ಬಿಚ್ಚಿಕೊಳ್ಳುತ್ತದಲ್ಲ, ಅದರಲ್ಲಿ ಯಾವ ಸಾಲು ಎಲ್ಲಿರಬೇಕೆಂದು ತೀರ್ಮಾನಿಸುವುದೇ ಅವಳ ಉದ್ಯೋಗ. ಅಷ್ಟಕ್ಕೇ ದೊಡ್ಡ ಕಚೇರಿ, ತಂಪು ಕೋಣೆ, ಸಂಜೆವರೆಗೂ ಮೀಟಿಂಗು. ಅಲ್ಲಿ ಅವಳನ್ನು ‘ಸಾಲು ಮೇಡಂ’ ಎಂದೇ ಕರೆಯುತ್ತಾರೆ.

ಅವಳ ನಂಬಿಕೆ ಒಂದೇ. ಕೈ ಓದುವುದಿಲ್ಲ, ರೂಢಿಯ ಜಾಗಕ್ಕೆ ಹೋಗುತ್ತದೆ. ಇದ್ದ ಸಾಲನ್ನು ಕದಲಿಸಬಾರದು. ಮನೆಯಲ್ಲೂ ಅದೇ ಕಾನೂನು. ಒಮ್ಮೆ ಸಕ್ಕರೆಯ ಜಾಗದಲ್ಲಿ ಉಪ್ಪಿನ ಡಬ್ಬಿ ಇಟ್ಟೆನೆಂದು ವಾರವಿಡೀ ಮುಖ ಊದಿಸಿಕೊಂಡಿದ್ದಳು.

ಈ ಹಟದ ಹಿಂದೆ ಇದ್ದದ್ದು ನಮ್ಮ ಜೊತೆಗಿರುವ ಅವಳಪ್ಪ, ಅಂದರೆ ನಮ್ಮ ಮಾವ. ಅವರ ಕಣ್ಣು ಮಂಜಾಗಿ ಎಷ್ಟೋ ಕಾಲವಾಯಿತು, ಒಪ್ಪಿಕೊಳ್ಳುವ ಆಸಾಮಿಯಲ್ಲ. “ನಂಗೇನಾಗಿದೆ? ಹದ್ದಿನ ಕಣ್ಣು!” ಎನ್ನುತ್ತಲೇ ಬಾಗಿಲಿಗೆ ಹಣೆ ಗುದ್ದಿಕೊಳ್ಳುತ್ತಾರೆ. ಬೆಳಗ್ಗೆ ಸುದ್ದಿಪುಟ ತೆರೆದುಕೊಟ್ಟರೆ ಸಾಕು, ದಪ್ಪ ತಲೆಬರಹದ ಮೇಲೆ ಬಲಗುಂಡಿ ಒತ್ತಿ ಅಂದಾಜಿನಲ್ಲೇ ಮೂರನೆಯ ಸಾಲಿಗೆ ಇಳಿಯುತ್ತಾರೆ. ಅದು ‘ಓದಿ ಹೇಳು’. ಕಂಪ್ಯೂಟರು ಓದುತ್ತದೆ; ಇವರು ತಾವೇ ಓದಿದವರ ಗತ್ತಿನಲ್ಲಿ ತಲೆಯಾಡಿಸುತ್ತಾರೆ.

ಕಚೇರಿಯ ದೊಡ್ಡ ಸಾಹೇಬರ ತಲೆಗೆ ಅದೇನು ಹೊಕ್ಕಿತೋ, ಒಂದು ದಿನ ಮೂರನೆಯ ಜಾಗಕ್ಕೆ ‘ಬಳಗಕ್ಕೆಲ್ಲ ಕಳಿಸು’ ಎಂಬ ಹೊಸ ಸಾಲು ತುರುಕಿದರು. ಇವಳು ಕೂಗಾಡಿದಳು, ಮನೆಗೆ ಬಂದು ಅತ್ತಳು.

“ಕೈ ತಪ್ಪಿದ್ರೆ ಅಪ್ಪ ಕಣ್ಣು ಕಾಣಲ್ಲ ಅಂತ ಒಪ್ಕೋಬೇಕಾಗುತ್ತೆ ರೀ. ಕುಗ್ಗಿ ಹೋಗ್ತಾರೆ.”

ನನಗೂ ಮೈಯೆಲ್ಲ ಉರಿಯಿತು. ಸಾಹೇಬರನ್ನು ಮನಸಾರೆ ಬೈದೆ.

ಮರುದಿನ ಮಾವ ಎಂದಿನಂತೆ ಒತ್ತಿದರು. ಸದ್ದಿಲ್ಲ. ಮತ್ತೆ ಮತ್ತೆ ಒತ್ತಿದರು. ಅಂದಿನ ಸುದ್ದಿಪುಟದ ಮೂಲವ್ಯಾಧಿಯ ಮನೆಮದ್ದು ಬಳಗಕ್ಕೆಲ್ಲ ಹಲವು ಸಲ ಹಂಚಿಹೋಯಿತು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಕೊಡೆಯೊಂದರ ಜಗಳಕ್ಕೆ ವರ್ಷಗಳಿಂದ ಮಾತು ಬಿಟ್ಟಿದ್ದ ಅವರ ತಮ್ಮ!

“ಅಣ್ಣಾ, ನಂಗೆ ಮೂಲವ್ಯಾಧಿ ಅಂತ ನಿಂಗ್ಯಾರು ಹೇಳಿದ್ದು?”

“ಏನ್ ಬರ್ದಿದಾರೆ ಅದ್ರಲ್ಲಿ? ಓದು ನೋಡೋಣ.”

ತಮ್ಮ ಸಿಟ್ಟಿನಲ್ಲೇ ಕೊನೆತನಕ ಓದಿದರು. ಮರುದಿನ ಬಸ್ ದರ ಏರಿದ ಸುದ್ದಿ ಹೋಯಿತು. ಅದನ್ನೂ ಓದಿ, ದರ ಏರಿಸಿದವರ ಜನ್ಮ ಜಾಲಾಡಿದರು. ಆಮೇಲೆ ಅದು ದಿನಚರಿಯೇ ಆಯಿತು.

“ಅಳಿಯಂದ್ರೇ, ಕಂಪ್ಯೂಟರ್ ಭಾಳ ಸುಧಾರಿಸಿದೆ. ಈಗ ಮನುಷ್ಯರ ಕೈಲೇ ಓದಿಸುತ್ತೆ!” ಎಂದು ಮಾವ ಹಿಗ್ಗಿದರು.

ಅತ್ತ ಕಚೇರಿಗೆ ದೂರುಗಳ ಸುರಿಮಳೆ. ಸಾಹೇಬರು ಜಗ್ಗಲಿಲ್ಲ. ಕೊನೆಗೆ ಅವರು ಗುಟ್ಟಾಗಿ ಬೇರೆ ಕೆಲಸ ಹುಡುಕುತ್ತಿದ್ದ ಪುಟವೇ ಕೈತಪ್ಪಿ ಬಳಗಕ್ಕೆಲ್ಲ ತಲುಪಿದಾಗ, ಹೊಸ ಸಾಲನ್ನು ಅಂದೇ ಕಿತ್ತರು. ಇವಳಿಗೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಗೆದ್ದವಳು ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು.

ಬೆಳಗ್ಗೆ ಮಾವ ಒತ್ತಿದರು. ಕಂಪ್ಯೂಟರು ಸಪ್ಪೆ ದನಿಯಲ್ಲಿ ಗಡಗಡನೆ ಓದಿತು. ಮಾವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

“ಇದು ಮತ್ತೆ ಕೆಟ್ಟುಹೋಯ್ತು ಪುಟ್ಟಿ.”

ಒಂದು ಸಾಲು ಸರಿಸಲು ತಿಂಗಳುಗಟ್ಟಲೆ ಯೋಚಿಸುವ ಇವಳು ಹಿಂದೆಮುಂದೆ ನೋಡದೆ ಚಿಕ್ಕಪ್ಪನ ನಂಬರು ಒತ್ತಿ, ಫೋನನ್ನು ಅಪ್ಪನ ಕಿವಿಗೆ ಹಿಡಿದಳು.

“ಏನಣ್ಣಾ, ಇವತ್ತೇನೂ ಕಳಿಸ್ಲೇ ಇಲ್ವಲ್ಲ?”

ಮಾವ ಒಮ್ಮೆ ಕೆಮ್ಮಿದರು. ನಮ್ಮಿಬ್ಬರ ಕಡೆ ಮುಖ ತಿರುಗಿಸಿದರು; ನಾವು ನಿಂತದ್ದು ಬೇರೆ ಕಡೆ.

“ನಂಗೆ ಕಣ್ಣು ಕಾಣಲ್ಲ ಕಣೋ,” ಎಂದರು.

ಆ ಕಡೆ ಪೇಪರು ಬಿಚ್ಚಿದ ಸದ್ದು ನಮಗೂ ಕೇಳಿಸಿತು.

“ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ? ಎಲ್ಲಿಂದ ಓದ್ಲಿ, ಹೇಳು.”