ಗಂಟಕ್ಕ ಪ್ರತಿಜ್ಞೆ ತೆಗೆದುಕೊಂಡದ್ದು

ಅವಳಿಗೆ ಗಂಟಕ್ಕ ಎಂದು ಹೆಸರು ಬಿದ್ದದ್ದು ಸದಾ ಮುಖ ಗಂಟು ಹಾಕಿಕೊಂಡಿರುತ್ತಾಳೆ ಎಂದಲ್ಲ. ಅದೂ ಸ್ವಲ್ಪ ಇತ್ತೆನ್ನಿ. ಒಂದು ಮಾರು ಹಗ್ಗ ಕೈಗೆ ಕೊಟ್ಟರೆ ಹದಿನೇಳು ಬಗೆಯ ಗಂಟು ಹಾಕಿ, ಅಷ್ಟನ್ನೂ ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲಳು ಎಂದು ಅವಳು ನಡೆಸುವ ಸ್ಕೌಟ್-ಗೈಡ್ ಥರದ ದಳದ ಹುಡುಗಿಯರೇ ಇಟ್ಟ ಹೆಸರು ಅದು. ವಾರವಿಡೀ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಅಲ್ಲಿ ಯಂತ್ರಗಳ ಗಡಗಡದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ರೋಗಿಗಳ ಚಾದರಗಳು ಕೊಳೆಯಾಗಿ ಬಂದು, ಆವಿಯಲ್ಲಿ ಬೆಂದು, ಇಸ್ತ್ರಿಯಾಗಿ ಮೇಲೆ ಹೋಗುತ್ತವೆ. ಶನಿವಾರ ಮಾತ್ರ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಸಿ, ಕೈಗೆ ಅಂಟಿದ ಸೋಪಿನ ವಾಸನೆಯ ಸಮೇತ ಗ್ರಂಥಾಲಯದ ಹಿಂದಿನ ಹಾಲಿಗೆ ಓಡಿ ಬಂದು, ಮೂರಕ್ಕೆ ಸರಿಯಾಗಿ ಸೀಟಿ ಊದುತ್ತಿದ್ದಳು.

ದಳನಾಯಕಿ ಆಗಬೇಕೆಂದು ಅವಳೇನೂ ಕನಸು ಕಂಡವಳಲ್ಲ. ಒಂಬತ್ತು ವರ್ಷದ ಮಗಳನ್ನು ದಳಕ್ಕೆ ಬಿಡಲು ಬಂದು ಬಾಗಿಲಲ್ಲಿ ನಿಂತಿದ್ದಳು, ಅಷ್ಟೆ. ಆಗಿನ ದಳನಾಯಕಿ ಒಬ್ಬ ಚಿತ್ರಕಲೆಯ ಟೀಚರ್. ಅವರಿಗೆ ವರ್ಗವಾಗಿತ್ತು. "ಎರಡು ವಾರ ನೋಡ್ಕೊಳ್ಳಿ, ಹೊಸಬರು ಬಂದ್ಬಿಡ್ತಾರೆ," ಎಂದು ಸೀಟಿಯನ್ನು ಇವಳ ಅಂಗೈಗೆ ತುರುಕಿ ಹೋದರು. ಹೊಸಬರು ಇನ್ನೂ ಬರುತ್ತಲೇ ಇದ್ದಾರೆ. ಮಗಳು ಹದಿನೈದಕ್ಕೇ ಬೇಜಾರೆಂದು ದಳ ಬಿಟ್ಟಳು. ಓದಿದಳು, ಮದುವೆಯಾದಳು, ತನ್ನದೇ ಮನೆ ಮಾಡಿದಳು. ಅಮ್ಮ ಮಾತ್ರ ಇಪ್ಪತ್ತಮೂರು ವರ್ಷದಿಂದ ಅದೇ ಹಾಲಿನಲ್ಲಿ ಹಗ್ಗ ಹಿಡಿದು ನಿಂತಿದ್ದಳು.

ಹೀಗಿರುವಾಗ ಪ್ರಾಂತ್ಯದ ಕಚೇರಿಯಿಂದ ಒಂದು ಕಾಗದ ಬಂತು. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದರಂತೆ. ಎಲ್ಲ ದಳನಾಯಕಿಯರೂ ಒಂದು ಫಾರಂ ತುಂಬಬೇಕಿತ್ತು. ಗಂಟಕ್ಕ ಇಸ್ತ್ರಿ ಮೇಜಿನ ಮೇಲೆ ಅದನ್ನು ಹರಡಿಕೊಂಡು ಹೆಸರು, ವಿಳಾಸ, ರಕ್ತದ ಗುಂಪು ಎಲ್ಲವನ್ನೂ ಸರಸರನೆ ಬರೆದಳು. ಐದನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. "ನೀವು ಪ್ರತಿಜ್ಞೆ ತೆಗೆದುಕೊಂಡ ದಿನಾಂಕ."

ಮಗಳು ತೆಗೆದುಕೊಂಡ ದಿನ ಚೆನ್ನಾಗಿ ನೆನಪಿತ್ತು. ಆವತ್ತು ಅವಳ ಮುಂದಿನ ಹಲ್ಲು ಬಿದ್ದಿತ್ತು, ಪ್ರತಿಜ್ಞೆಯೆಲ್ಲ ಸುಯ್ ಸುಯ್ ಎಂದು ಬಂದಿತ್ತು. ತನ್ನದು? ತಾನು ಪ್ರತಿಜ್ಞೆ ತೆಗೆದುಕೊಂಡೇ ಇರಲಿಲ್ಲ.

ಹೊರಗಿನವರಿಗೆ ಇದು ನಗುವ ವಿಷಯ. ದಳದವರಿಗೆ ಅಲ್ಲ. ಪ್ರತಿಜ್ಞೆ ತೆಗೆದುಕೊಳ್ಳದವಳು ಕೊರಳಿಗೆ ಸ್ಕಾರ್ಫ್ ಕಟ್ಟುವಂತಿಲ್ಲ, ಇನ್ನೊಬ್ಬರಿಗೆ ಪ್ರತಿಜ್ಞೆ ಬೋಧಿಸುವಂತೆಯೂ ಇಲ್ಲ. ಗಂಟಕ್ಕ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಬೋಧಿಸಿದ್ದಳು. ಇನ್ನು ಎರಡು ವಾರಕ್ಕೆ ಮತ್ತೆ ಹನ್ನೊಂದು ಹೊಸ ಹುಡುಗಿಯರ ಸರದಿ.

ಪಕ್ಕದ ಬಡಾವಣೆಯ ದಳನಾಯಕಿ ಒಬ್ಬ ಔಷಧಿ ಅಂಗಡಿಯಾಕೆ, ಇವಳ ಜೀವದ ಗೆಳತಿ. ಗುಳಿಗೆ ಕತ್ತರಿಸುತ್ತಲೇ ಎಲ್ಲ ಕೇಳಿಸಿಕೊಂಡು, "ಯಾವುದಾದ್ರೂ ಒಂದು ತಾರೀಖು ಬರೆದು ಬಿಸಾಕೇ. ಯಾರು ಬಂದು ಅಗೆದು ನೋಡ್ತಾರೆ?" ಎಂದಳು.

"ಸತ್ಯವಾಗಿ ನಡೀತೀನಿ ಅನ್ನೋದೇ ಮೊದಲ್ನೇ ಸಾಲು. ಅದರ ತಾರೀಖನ್ನೇ ಸುಳ್ಳು ಬರೀಲಾ?"

"ನಿನ್ನಂಥೋರಿಂದಲೇ ನನ್ನ ಅಂಗಡೀಲಿ ತಲೆನೋವಿನ ಮಾತ್ರೆ ಖರ್ಚಾಗೋದು," ಎಂದು ಗೆಳತಿ ಬೈದಳು. ಬೈದವಳೇ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಪ್ರಾಂತ್ಯದ ಕಚೇರಿಗೆ ಇವಳ ಜೊತೆ ಹೊರಟಳು.

ಪ್ರಾಂತ್ಯದ ಮುಖ್ಯಸ್ಥೆ ನಿವೃತ್ತ ದಂತವೈದ್ಯೆ. ಯಾರು ಮಾತಾಡಿದರೂ ಮೊದಲು ಅವರ ಹಲ್ಲು ನೋಡುವ ಚಟ ಇನ್ನೂ ಹೋಗಿರಲಿಲ್ಲ. ಗಂಟಕ್ಕ ಹೇಳಿ ಮುಗಿಸುವವರೆಗೂ ಅವಳ ಹಲ್ಲನ್ನೇ ನೋಡುತ್ತಿದ್ದರು. ಆಮೇಲೆ ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಎದ್ದು ನಿಂತ್ಕೊಳ್ಳಿ. ಈಗಲೇ ಇಲ್ಲೇ ಮುಗಿಸಿಬಿಡೋಣ. ಐದು ನಿಮಿಷದ ಕೆಲಸ, ನೋವೇ ಆಗಲ್ಲ. ಯಾರಿಗೂ ಗೊತ್ತಾಗೋದೂ ಬೇಡ."

ಗಂಟಕ್ಕ ಎದ್ದಳು. ಸೆರಗು ಸರಿಮಾಡಿಕೊಂಡಳು. ಮತ್ತೆ ಕೂತುಬಿಟ್ಟಳು.

"ಹುಡುಗೀರ ಮುಂದೆ ಆಗ್ಬೇಕು ಮೇಡಂ. ಅವರ ಪಂಚಾಯ್ತಿ ಒಪ್ಪಿದ್ರೆ ಮಾತ್ರ."

ಪಂಚಾಯ್ತಿ ಎಂದರೆ ದಳದ ಮೂವರು ಹಿರಿಯ ಹುಡುಗಿಯರ ಕೂಟ. ಹೊಸಬಳೊಬ್ಬಳು ಪ್ರತಿಜ್ಞೆಗೆ ಸಿದ್ಧಳೋ ಇಲ್ಲವೋ ಎಂದು ತೀರ್ಮಾನಿಸುವುದು ಅವರ ಹಕ್ಕು. ದೊಡ್ಡವರು ಅದರಲ್ಲಿ ಬಾಯಿ ಹಾಕುವಂತಿಲ್ಲ.

"ಅದು ಮಕ್ಕಳಿಗೆ ಇರೋ ನಿಯಮ. ನಿಮಗ್ಯಾಕೆ? ಅವರು ಒಪ್ಪದೇ ಹೋದ್ರೆ ಏನ್ಮಾಡ್ತೀರಿ?"

"ಸೀಟಿ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಮೆಟ್ಟಿಲು ಇಳಿಯುವಾಗ ಮಾತ್ರ ಗೆಳತಿಯ ಭುಜ ಹಿಡಿದುಕೊಂಡಳು.

ಶನಿವಾರ ಸೀಟಿ ಊದಲಿಲ್ಲ. ಹುಡುಗಿಯರು ತಾವಾಗಿಯೇ ಸುತ್ತ ಕೂತ ಮೇಲೆ ಗಂಟಕ್ಕ ಕೊರಳಿನ ಸ್ಕಾರ್ಫ್ ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ಎದುರಿಗಿಟ್ಟು ವಿಷಯ ಹೇಳಿದಳು. ಸುತ್ತಿಬಳಸಿ ಹೇಳುವುದು ಅವಳಿಗೆ ಮೊದಲಿಂದಲೂ ಬಾರದು.

ಒಬ್ಬಳು ಥಟ್ಟನೆ ಎದ್ದಳು. ಹನ್ನೆರಡು ವರ್ಷದ ಹುಡುಗಿ. ಎಲ್ಲದಕ್ಕೂ ಪಾಟೀಸವಾಲು ಹಾಕುತ್ತಾಳೆಂದು ದಳದವರೆಲ್ಲ ಅವಳನ್ನು ವಕೀಲೆ ಎನ್ನುತ್ತಿದ್ದರು.

"ಹಾಗಾದ್ರೆ ನಂದು ಸುಳ್ಳಾ?"

"ಇಲ್ಲಮ್ಮ, ನಿಂದು..."

"ಅಜ್ಜಿ ಕಿವಿಗೆ ಹಾಕ್ಕೊಳ್ಳೋ ಯಂತ್ರದ ಮೇಲೆ ಕೂತು ನಾನೇ ಮುರಿದಿದ್ದು. ಬೆಕ್ಕಿನ ಮೇಲೆ ಹಾಕಬಹುದಿತ್ತು. ಪ್ರತಿಜ್ಞೆ ಮಾಡಿದೀನಲ್ಲ ಅಂತ ನಿಜ ಹೇಳಿ ಬೈಸ್ಕೊಂಡೆ. ಈಗ ನೋಡಿದ್ರೆ ಪ್ರತಿಜ್ಞೆ ಮಾಡಿಸಿದವರೇ ಮಾಡಿಲ್ಲ!" ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು.

ಗಂಟಕ್ಕನಿಗೆ, ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಮುಗಿಸಿದ್ದರೆ ಈ ಮಗುವಿನ ಮುಖ ಹೀಗೆ ಸಣ್ಣದಾಗುತ್ತಿರಲಿಲ್ಲ ಎನ್ನಿಸಿತು.

"ನಿನ್ನ ಮಾತು ನಿಂದೇ ಕಣೇ. ನಾನು ಎದುರಿಗೆ ನಿಂತು ಕೇಳಿಸ್ಕೊಂಡೆ, ಅಷ್ಟೆ. ತಪ್ಪಿದ್ರೆ ಅದು ನಂದು. ಅದಕ್ಕೇ ನಿಮ್ಮ ಪಂಚಾಯ್ತಿ ಮುಂದೆ ಬಂದಿದೀನಿ."

ಮುರುಕು ಟೇಬಲ್ ಟೆನಿಸ್ ಮೇಜಿನ ಹಿಂದೆ ಮೂವರು ಕೂತರು. ನಡುವೆ ವಕೀಲೆ. ಗಂಟಕ್ಕ ಎದುರಿಗೆ ನಿಂತಳು. ಹಗ್ಗದ ಪರೀಕ್ಷೆ ಬೇಗ ಮುಗಿಯಿತು, ಅದರಲ್ಲಿ ಹೇಳುವುದೇನಿದೆ? ಎರಡೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸುವ ಪರೀಕ್ಷೆಗೆ ಅಂಗಳಕ್ಕೆ ಕರೆದೊಯ್ದರು. ಮೊದಲನೆಯ ಕಡ್ಡಿ ಗಾಳಿಗೆ ಆರಿತು. ಎರಡನೆಯದನ್ನು ಹುಡುಗಿಯರ ಉಸಿರೇ ಆರಿಸಿತು, ಅಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದರು. ಇಪ್ಪತ್ತಮೂರು ವರ್ಷ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಿಕೊಟ್ಟಿದ್ದಳೇ ಹೊರತು ಕಡ್ಡಿಯನ್ನು ತಾನೇ ಗೀರಿರಲಿಲ್ಲ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ವಕೀಲೆ ನಗಲಿಲ್ಲ.

ಮತ್ತೆ ಮೇಜು. "ದಳಕ್ಕೆ ಯಾಕೆ ಸೇರಬೇಕು ಅಂತಿದೀರಿ?"

ಈ ಪ್ರಶ್ನೆಯನ್ನು ಹುಡುಗಿಯರಿಗೆ ಹೇಳಿಕೊಟ್ಟವಳೇ ಗಂಟಕ್ಕ. ಸೇವೆ, ಶಿಸ್ತು ಎಂದೆಲ್ಲ ಸಮಾರಂಭಗಳಲ್ಲಿ ಹೇಳುವ ಮಾತುಗಳು ತುಟಿಯವರೆಗೆ ಬಂದು ವಾಪಸ್ಸು ಹೋದವು.

"ವಾರವೆಲ್ಲ ಯಂತ್ರದ ಸದ್ದಲ್ಲಿ ಇರ್ತೀನಿ. ನನಗೆ ಏನಾದ್ರೂ ಬೇಕಾ ಅಂತ ಅಲ್ಲಿ ಕೇಳೋರಿಲ್ಲ, ಕೇಳಿದ್ರೂ ಕೇಳ್ಸಲ್ಲ. ಶನಿವಾರ ನೀವು ಅಕ್ಕಾ ಅಂತ ಬಂದು ಮೇಲೆ ಬೀಳ್ತೀರಲ್ಲ, ಅದಕ್ಕೆ ಬರ್ತೀನಿ. ನಿಮಗೋಸ್ಕರ ಅಂತ ಎಲ್ಲರ ಹತ್ರ ಹೇಳ್ಕೊಂಡಿದೀನಿ. ನಿಜ ಹೇಳ್ಬೇಕಂದ್ರೆ ನನಗೋಸ್ಕರ."

ಮೂವರೂ ಮುಖ ಮುಖ ನೋಡಿಕೊಂಡರು. ವಕೀಲೆ ಪೆನ್ಸಿಲ್ ಕೆಳಗಿಟ್ಟಳು.

"ಇನ್ನೊಂದೇ ಪ್ರಶ್ನೆ. ಪ್ರತಿಜ್ಞೆ ಮಾಡಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಇದನ್ನು ಮುಖ್ಯಸ್ಥೆಯೂ ಕೇಳಿರಲಿಲ್ಲ, ಗೆಳತಿಯೂ ಕೇಳಿರಲಿಲ್ಲ. ಗಂಟಕ್ಕ ಮೇಜಿನ ಅಂಚನ್ನು ಹಿಡಿದುಕೊಂಡು ಹೇಳಿದಳು.

"ಮೊದಲ್ನೇ ವರ್ಷ ಗೊತ್ತಿತ್ತು. ಹೊಸಬರು ಬರ್ತಾರಲ್ಲ, ಎರಡು ವಾರದವಳಿಗೆ ಯಾಕೆ ಅಂತ ಸುಮ್ಮನಾದೆ. ಆಮೇಲೆ ಕೇಳೋಕೆ ನಾಚಿಕೆಯಾಯ್ತು. ಇಷ್ಟು ದಿನ ಸ್ಕಾರ್ಫ್ ಕಟ್ಟಿಕೊಂಡು ಓಡಾಡಿ ಈಗ ಕೇಳಿದ್ರೆ ಕಿತ್ಕೊಂಡು ಕಳಿಸಿಬಿಟ್ರೆ ಅಂತ ಭಯ. ಹಾಗೇ ಮರೆತೆ. ಮರೆಯೋಕೆ ಸುಲಭವಾಗಿತ್ತು ಅಂತಲೇ ಮರೆತೆ."

ವಕೀಲೆ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, ಪಕ್ಕದವರಿಗಷ್ಟೇ ಕೇಳುವ ಹಾಗೆ ಹೇಳಿದಳು. "ನಾನೂ ಎರಡು ದಿನ ಬೆಕ್ಕು ಅಂತಲೇ ಹೇಳಿದ್ದೆ."

ನಿಯಮದಂತೆ ಗಂಟಕ್ಕನನ್ನು ಹೊರಗೆ ಕಳಿಸಿದರು. ವರಾಂಡದ ಬೆಂಚಿನ ಮೇಲೆ, ಪುಟ್ಟ ಹುಡುಗಿಯರು ಉಗುರು ಕಚ್ಚುತ್ತ ಕೂರುವ ಜಾಗದಲ್ಲೇ, ಐವತ್ತೆಂಟರ ಹೆಂಗಸು ಉಗುರು ಕಚ್ಚುತ್ತ ಕೂತಳು. ಗೆಳತಿ ಗೇಟಿನ ಹತ್ತಿರ ಶತಪಥ ಹಾಕುತ್ತಿದ್ದಳು. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.

"ಬೆಂಕಿಯಲ್ಲಿ ನೀವು ಫೇಲು," ಎಂದಳು ವಕೀಲೆ. "ಅದನ್ನ ನಾನು ಹೇಳಿಕೊಡ್ತೀನಿ. ಮಿಕ್ಕಿದ್ದಕ್ಕೆ ನಾವು ಒಪ್ಪಿದೀವಿ."

ಮುಂದಿನ ಶನಿವಾರ ದಂತವೈದ್ಯೆ ಬಂದರು. ಗಂಟಕ್ಕ ಹನ್ನೊಂದು ಹೊಸ ಹುಡುಗಿಯರ ಸಾಲಿನ ಕೊನೆಗೆ ನಿಂತಳು. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಹೆಚ್ಚು ಬೆವತವಳು. ಅವಳ ಸರದಿ ಬಂದಾಗ ದಂತವೈದ್ಯೆ ಪಕ್ಕಕ್ಕೆ ಸರಿದು, "ಇವರಿಗೆ ನೀನೇ ಹೇಳಿಕೊಡಮ್ಮ, ನಾನು ಸಾಕ್ಷಿಗೆ ನಿಲ್ತೀನಿ," ಎಂದು ವಕೀಲೆಯನ್ನು ಮುಂದೆ ಕರೆದರು.

ಗಂಟಕ್ಕ ಅಭ್ಯಾಸಬಲದಿಂದ ತಾನೇ ಮೊದಲ ಸಾಲನ್ನು ಗಟ್ಟಿಯಾಗಿ ಹೇಳಿ, ಯಾರಾದರೂ ಹಿಂದಿನಿಂದ ಹೇಳಲಿ ಎಂದು ಕಾದಳು. ಯಾರೂ ಹೇಳಲಿಲ್ಲ.

"ಅಕ್ಕಾ, ನಾನು ಹೇಳ್ತೀನಿ. ನೀವು ಆಮೇಲೆ."

ನಾನು ಸತ್ಯವಾಗಿ ನಡೆಯುತ್ತೇನೆ ಎಂದಳು ಹುಡುಗಿ. ಗಂಟಕ್ಕ ಹೇಳಿದಳು. ನೆರವು ಬೇಕಾದವರ ಪಕ್ಕ ನಿಲ್ಲುತ್ತೇನೆ ಎಂದಳು. ಅದನ್ನೂ ಹೇಳಿದಳು. ನನ್ನ ಜೊತೆಯವರ ಕೈ ಬಿಡುವುದಿಲ್ಲ ಎಂದಾಗ ಗಂಟಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷ ಬೇರೆಯವರ ಬಾಯಿಗೆ ಕೊಟ್ಟ ಮಾತು ಅದು. ತನ್ನ ಬಾಯಿಗೆ ಬಂದಾಗ ಇಷ್ಟು ಭಾರವಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಕೊನೆಗೆ ಅಳುತ್ತಳುತ್ತಲೇ ಅವಳು ಆ ಸಾಲು ಹೇಳಿ ಮುಗಿಸಿದಳು.

ವಕೀಲೆ ತುದಿಗಾಲಲ್ಲಿ ನಿಂತು ಅವಳ ಕೊರಳಿಗೆ ಸ್ಕಾರ್ಫ್ ಕಟ್ಟಿದಳು. "ನಾವೂ ಬಿಡಲ್ಲ ಅಕ್ಕ," ಎಂದಳು. ಅದು ಪ್ರತಿಜ್ಞೆಯಲ್ಲಿ ಇರುವ ಮಾತಲ್ಲ. ಆದರೂ ಹಿಂದೆ ನಿಂತಿದ್ದ ಹುಡುಗಿಯರೆಲ್ಲ ಒಟ್ಟಿಗೆ ಅದನ್ನೇ ಹೇಳಿದರು.