ಹಿಂದಲೆಯ ಗಡ್ಡ

ನನ್ನ ತಮ್ಮನಿಗೆ ಹಿಂದಲೆಯಲ್ಲಿ ಗಡ್ಡ ಬೆಳೆಯುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಕಿವಿಯಿಂದ ಕಿವಿಯವರೆಗೆ, ಕತ್ತಿನ ಮೇಲ್ಭಾಗದಲ್ಲಿ, ಅವನ ತಲೆಗೂದಲಿನ ನಡುನಡುವೆ ಅವನದೇ ಗದ್ದದ ಕೆಳಗಿನ ಕೂದಲು ಸೇರಿಕೊಂಡಿದೆ. ಮುಟ್ಟಿದರೆ ಬಟ್ಟೆ ಒಗೆಯುವ ಬ್ರಷ್ಷಿನ ಹಾಗೆ ಚುಚ್ಚುತ್ತದೆ. ಮದುವೆಯಾದ ಹೊಸದರಲ್ಲೇ ಅವನ ಹೆಂಡತಿ ನನಗೆ ಫೋನ್ ಮಾಡಿ, "ಅಕ್ಕಾ, ಇವ್ರ ಕತ್ತಿನ ಹಿಂದೆ ಏನೋ ಚುಚ್ತದಲ್ಲ, ಏನದು?" ಎಂದು ಕೇಳಿದ್ದಳು. ಅವನನ್ನೇ ಕೇಳು ತಾಯಿ, ಎಂದು ಫೋನ್ ಇಟ್ಟು ಅರ್ಧ ಗಂಟೆ ನಕ್ಕಿದ್ದೆ. ಈಗ ಇದನ್ನು ಬರೆಯುತ್ತಿರುವುದು ಗೊತ್ತಾದರೆ ಅವನು ಜಗಳಕ್ಕೆ ಬರುತ್ತಾನೆ. ಬರಲಿ, ಕಾಫಿ ಕೊಟ್ಟು ಕಳಿಸುತ್ತೇನೆ.

ಇದೆಲ್ಲ ಶುರುವಾದಾಗ ಚಿಕ್ಕಬಳ್ಳಾಪುರ ಆಗಷ್ಟೇ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ನಮ್ಮ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ; ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ರೇಷ್ಮೆಯ ಹುಳುಮನೆ. ನನ್ನನ್ನು ಚಿಂತಾಮಣಿಗೆ ಕೊಟ್ಟಿದ್ದರು. ತಮ್ಮ ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಕೆಲಸ ಗಟ್ಟಿಯಾಗಿತ್ತು, ಕೂದಲು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಮೂವತ್ತು ತುಂಬುವುದರೊಳಗೆ ಹಣೆ ನಡುನೆತ್ತಿಯವರೆಗೆ ಬಂದು ನಿಂತಿತ್ತು. ನೋಡಲು ಬಂದ ಹೆಣ್ಣಿನ ಕಡೆಯವರು ಉಪ್ಪಿಟ್ಟು ತಿಂದು, ಮನೆಗೆ ಹೋಗಿ ಹೇಳಿಕಳಿಸ್ತೀವಿ ಎಂದು ಹೋದವರು ಹೇಳಿಕಳಿಸುತ್ತಿರಲಿಲ್ಲ.

ವಿಚಿತ್ರವೆಂದರೆ ಅವನನ್ನು ಹೆತ್ತವಳಿಗೆ ಆ ವಯಸ್ಸಿನಲ್ಲೂ ಸೊಂಟ ಮುಟ್ಟುವ ಜಡೆ. ಹುಳುಮನೆಗೆ ಹೋಗುವಾಗ ತುರುಬು ಕಟ್ಟಿಕೊಂಡರೆ ತೆಂಗಿನಕಾಯಿಯಷ್ಟು ದಪ್ಪ ಇರುತ್ತಿತ್ತು. ಯಾರಾದರೂ ಹೊಗಳಿದರೆ, "ಅಯ್ಯೋ, ಎಲ್ಲಾ ಉದುರಿಹೋಯ್ತು ಕಣಮ್ಮ" ಎಂದು ಜಡೆಯನ್ನು ಬೇಕೆಂದೇ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನನ್ನದು ಇಲಿಬಾಲ. ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಇದೆ.

ಅಮ್ಮ ಒಂದು ದಿನ ಮುಡಿಪು ಕಟ್ಟಿ ದೇವರ ಮುಂದೆ ನಿಂತಳು. "ತಿಮ್ಮಪ್ಪಾ, ಇವನ ತಲೇಲಿ ಕೂದ್ಲು ಬಂದು, ಒಂದು ಮದುವೆ ಅಂತ ಗೊತ್ತಾದ್ರೆ, ತಾಳಿ ಕಟ್ಟೋಕೆ ಮುಂಚೆ ಬೆಟ್ಟಕ್ಕೆ ಬಂದು ಮುಡಿ ಕೊಡಿಸ್ತೀನಪ್ಪ."

"ಅಲ್ಲಮ್ಮ," ಎಂದೆ ನಾನು, "ಕೂದ್ಲು ಕೊಡು ಅಂತ ಕೇಳೋದು, ಕೊಟ್ಮೇಲೆ ಅದನ್ನೇ ವಾಪಸ್ ತಗೋ ಅನ್ನೋದು. ದೇವರು ತಲೆ ಕೆರ್ಕೊಳಲ್ವಾ?"

"ಬಾಯ್ಮುಚ್ಚೇ. ನಿನ್ನ ಕಿಸಬಾಯಿ ನೋಡಿನೇ ಅವನು ತಡ ಮಾಡ್ತಾ ಇರೋದು."

ತಿಮ್ಮಪ್ಪ ತಡ ಮಾಡಿದನೋ ಇಲ್ಲವೋ, ತಮ್ಮ ಮಾಡಲಿಲ್ಲ. ಫ್ಯಾಕ್ಟರಿಯಿಂದ ಟ್ರೈನಿಂಗಿಗೆ ಕಳಿಸಿದ್ದಾರೆ ಎಂದು ಹೇಳಿ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋಗಿ ಬಂದ. ಬರುವಾಗ ಸುಡುವ ಬಿಸಿಲಿನಲ್ಲಿ ಮಂಕಿಕ್ಯಾಪ್ ಹಾಕಿಕೊಂಡಿದ್ದ. ಕಿವಿಗೆ ಗಾಳಿ ಹೊಕ್ಕಿದೆ ಎಂದ. ಅಮ್ಮ ನಂಬಿ ಅಜವಾನದ ಹೊಗೆ ಕೊಟ್ಟಳು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಹಿಂದಿನ ಕೂದಲನ್ನು ಬೇರು ಸಮೇತ ಒಂದೊಂದಾಗಿ ಕಿತ್ತು ಮುಂದೆ ನಾಟಿ ಹಾಕಿದ್ದರು.

ಕೆಲವು ತಿಂಗಳಿಗೆ ಮುಂದಲೆ ಹಸಿರಾಯಿತು. ಅಮ್ಮ ಕುಣಿದಾಡಿಬಿಟ್ಟಳು. ಊರಿನವರಿಗೆಲ್ಲ ಕರೆದು ತೋರಿಸಿ, ಸಂಜೆ ದೃಷ್ಟಿ ತೆಗೆದು, ತಿಮ್ಮಪ್ಪನ ಫೋಟೋಗೆ ದೊಡ್ಡ ಹಾರ ಹಾಕಿದಳು. ತಮ್ಮ ಆ ಫೋಟೋದ ಕಡೆ ನೋಡದೆ ಬೂಟು ಹಾಕಿಕೊಂಡು ಡ್ಯೂಟಿಗೆ ಹೊರಟ.

ಆಮೇಲೆ ಒಂದು ಭಾನುವಾರ ನನ್ನ ಮನೆಗೆ ಬಂದ. ಬಾಗಿಲು ಹಾಕಿ, ಬೆನ್ನು ತಿರುಗಿಸಿ ಕೂತು, "ಅಕ್ಕಾ, ಹಿಂದೆ ಹೆಂಗಿದೆ ನೋಡಿ ಸತ್ಯ ಹೇಳು" ಎಂದ. ನೋಡಿದೆ. ಹುಳ ಮೇಯ್ದು ಬಿಟ್ಟ ಸೊಪ್ಪಿನ ಹಾಗಿತ್ತು. ಎಲ್ಲಿ ನೋಡಿದರೂ ಬಿಳಿ ಬಿಳಿ ಚುಕ್ಕೆ, ಕಿವಿಯ ಹಿಂದೆ ಅಂಗೈ ಅಗಲದ ಜಾಗ ಪೂರ್ತಿ ಬಟಾಬಯಲು. ಮುಂದಿನ ಆಸೆಗೆ ಹಿಂದಿನದನ್ನು ಬರಗಿಬಿಟ್ಟಿದ್ದರು. ನಾನು ಮೊದಲು ನಕ್ಕೆ. ಅವನು ತಿರುಗಲೇ ಇಲ್ಲ. ಭುಜ ಅಲುಗುತ್ತಿತ್ತು, ಅವನೂ ನಗುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ಅಳುತ್ತಿದ್ದ. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ.

ಅವತ್ತಿನಿಂದ ಶುರುವಾಯಿತು ನಮ್ಮ ಚಿತ್ರಕಲೆ. ಎಲ್ಲಿಗಾದರೂ ಹೋಗಬೇಕೆಂದರೆ ಮೊದಲು ನನ್ನ ಮನೆಗೆ ಬರುತ್ತಿದ್ದ. ನಾನು ಹುಬ್ಬು ತಿದ್ದುವ ಪೆನ್ಸಿಲ್ ಹಿಡಿದು ಅವನ ಹಿಂದಲೆಯ ಚುಕ್ಕೆಗಳಿಗೆಲ್ಲ ಬಣ್ಣ ತುಂಬುತ್ತಿದ್ದೆ. ನನ್ನ ಹುಬ್ಬಿಗೆ ಪೆನ್ಸಿಲ್ ಉಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕಡೇ ಸೀಟು, ಛತ್ರದಲ್ಲಿ ಗೋಡೆ ಪಕ್ಕದ ಕುರ್ಚಿ, ದೇವಸ್ಥಾನದಲ್ಲಿ ಸಾಲಿನ ಕೊನೆ, ಇವೇ ಅವನ ಜಾಗಗಳಾದವು. ಹಿಂದೆ ಮನುಷ್ಯರು ಇರಬಾರದು, ಅಷ್ಟೇ.

ಹೀಗಿರುವಾಗ ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗಿಯ ಅಪ್ಪ ರಿಟೈರ್ಡ್ ಮೇಷ್ಟ್ರು, ಬಲು ಶಿಸ್ತಿನ ಮನುಷ್ಯ. ತಮ್ಮ ಅವರ ಮನೆಯಲ್ಲಿ ಗೋಡೆಗೆ ತಲೆ ಆನಿಸಿ ಕೂತವನು ಮೇಲೇಳಲಿಲ್ಲ. ಸೆಕೆ. ಫ್ಯಾನು ಹೋಗಿತ್ತು. ಬೆವರಿಗೆ ಪೆನ್ಸಿಲ್ ಬಣ್ಣ ಕರಗಿ ಕತ್ತಿನ ಮೇಲೆ ಇಳಿಯುತ್ತಿರುವುದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ನಾನು ಅವನ ಕಾಲು ತುಳಿದೆ. ಹೊರಡುವಾಗ ಎದ್ದು ನಿಂತು, ಮೇಷ್ಟ್ರಿಗೂ ಅವರ ಹೆಂಡತಿಗೂ ಕೈ ಮುಗಿದು, ಮುಗಿದ ಕೈಯನ್ನು ಇಳಿಸದೆ, ಬೆನ್ನು ತೋರಿಸದೆ, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೊಸಿಲು ದಾಟಿ, ಜಗಲಿ ಇಳಿದು, ತುಳಸಿಕಟ್ಟೆಗೆ ಡಿಕ್ಕಿ ಹೊಡೆದು ನಿಂತ.

ಮೇಷ್ಟ್ರ ಕಣ್ಣು ತುಂಬಿತು. "ಈ ಕಾಲದಲ್ಲೂ ಹಿರೀಕ್ರಿಗೆ ಬೆನ್ನು ತೋರಿಸಬಾರ್ದು ಅನ್ನೋ ಹುಡುಗ ಇದ್ದಾನಲ್ಲಮ್ಮ! ಏನ್ ಸಂಸ್ಕಾರ!" ಎಂದು ಅಮ್ಮನಿಗೆ ಕೈ ಮುಗಿದರು. ಅಮ್ಮ ಸೆರಗು ಸರಿಮಾಡಿಕೊಂಡು, ಎಲ್ಲ ತಾನೇ ಕಲಿಸಿದ ಹಾಗೆ ನಿಂತಿದ್ದಳು. ಮದುವೆ ಅಲ್ಲೇ ಗೊತ್ತಾಯಿತು. ನಾನು ನಗು ತಡೆಯಲಾಗದೆ ಕೆಮ್ಮಿ ಕೆಮ್ಮಿ ಹೊರಗೆ ಹೋದೆ.

ತಮ್ಮನಿಗೆ ಮಾತ್ರ ನಿದ್ದೆ ಹಾರಿಹೋಯಿತು. "ಬದುಕೆಲ್ಲಾ ಹಿಂದಹಿಂದಕ್ಕೆ ನಡೀತಾ ಇರೋಕಾಗುತ್ತೇನಕ್ಕಾ?" ಎಂದ. ಅದೂ ಸರಿಯೇ. ಹಳೇ ಕ್ಲಿನಿಕ್ಕಿನವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಯಾರನ್ನೋ ವಿಚಾರಿಸಿ ಬೆಂಗಳೂರಿನ ಇನ್ನೊಬ್ಬ ಡಾಕ್ಟರನ್ನು ಹುಡುಕಿದೆವು, ನಾನೂ ಜೊತೆಗೆ ಹೋದೆ. ಅವರು ದೀಪ ಹಾಕಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಡೋನರ್ ಏರಿಯಾನ ಓವರ್ ಹಾರ್ವೆಸ್ಟ್ ಮಾಡಿಬಿಟ್ಟಿದ್ದಾರೆ. ಅಂದ್ರೆ, ಕೂದಲು ದಾನ ಕೊಡೋ ಜಾಗ ಇದು. ತಡ್ಕೊಳೋ ಅಷ್ಟು ಮಾತ್ರ ತೆಗೀಬೇಕಾಗಿತ್ತು. ಈಗ ಇಲ್ಲಿಂದ ತೆಗೆಯೋಕೆ ಏನೂ ಇಲ್ಲ."

"ಮತ್ತೆ ಎಲ್ಲಿಂದ ತಂದು ತುಂಬ್ತೀರ ಸಾರ್?" ಎಂದು ನಾನು ಕೇಳಿದೆ, ನನ್ನ ಇಲಿಬಾಲಕ್ಕೆ ಕಂಟಕ ಬಂತೇನೋ ಎಂಬ ಭಯದಲ್ಲಿ.

ಡಾಕ್ಟರು ತಮ್ಮನ ಗದ್ದ ಎತ್ತಿ ನೋಡಿದರು. ಅವನಿಗೆ ಬೆಳಿಗ್ಗೆ ಕೆರೆದರೆ ಸಂಜೆಗೆ ಮತ್ತೆ ಬರುವ ಗಡ್ಡ. "ಇದೆಯಲ್ಲ ಬೇಕಾದಷ್ಟು" ಎಂದರು. ಗದ್ದದ ಕೆಳಗಿನಿಂದ ತೆಗೆದು ಹಿಂದೆ ಹಾಕಬಹುದಂತೆ. ಗಡ್ಡದ ಕೂದಲು ಎಲ್ಲಿ ಹಾಕಿದರೂ ಗಡ್ಡದ ಹಾಗೇ ಒರಟಾಗಿ ಬೆಳೆಯುತ್ತದಂತೆ. ಮೊದಲಿನ ತಲೆ ವಾಪಸ್ ಬರುವುದಿಲ್ಲ, ಚುಕ್ಕೆ ಮರೆಯಾಗುತ್ತದೆ, ಅಷ್ಟೇ ಆಸೆ ಇಟ್ಟುಕೊಳ್ಳಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತಿಗೇ ನನಗೆ ನಂಬಿಕೆ ಬಂತು. ಎಲ್ಲ ಮುಗಿಸಿ ಕಳಿಸುವಾಗ ಒಂದೇ ಎಚ್ಚರಿಕೆ: "ಒಂದು ವರ್ಷ ಹಿಂದೆ ರೇಜರ್ ತಾಗಿಸ್ಬೇಡಿ. ಬೋಳಿಸಿದ್ರೆ ಹಳೇದೆಲ್ಲ ಬಯಲಾಗುತ್ತೆ, ಹೊಸದಕ್ಕೂ ಒಳ್ಳೇದಲ್ಲ."

ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಅಮ್ಮನ ಹರಕೆ ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಮದುವೆ ಹತ್ತಿರ ಬಂತು. ಹಿಂದಲೆಯಲ್ಲಿ ಹೊಸ ಕೂದಲು ಆಗಷ್ಟೇ ಮೊಳೆಯುತ್ತಿತ್ತು. ತಮ್ಮ ಏನೇನೋ ಪಿಳ್ಳೆನೆವ ತೆಗೆದ. ರಜ ಇಲ್ಲ ಎಂದ. ಮದುವೆಯಾದ ಮೇಲೆ ಜೋಡಿಯಾಗಿ ಹೋಗುತ್ತೇವೆ ಎಂದ. ಬೋಡುತಲೆಗೆ ಬಾಸಿಂಗ ಕಟ್ಟಿದರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಎಂದ.

"ಫೋಟೋದೋನು ಕೊಟ್ನೇನೋ ನಿನಗೆ ಕೂದ್ಲು?" ಎಂದಳು ಅಮ್ಮ. "ಹರಕೆ ಅಂದ್ರೆ ಹರಕೆ. ನಡಿ."

ಹುಳ ಹಣ್ಣಾಗಿ ಗೂಡು ಕಟ್ಟುವ ಸಮಯವಾದ್ದರಿಂದ ಅಪ್ಪ ಬರಲಿಲ್ಲ. ನಾವು ಮೂವರು ಚಿಂತಾಮಣಿಯಿಂದ ತಿರುಪತಿ ಬಸ್ಸು ಹತ್ತಿದೆವು. ತಮ್ಮ ಕಡೇ ಸೀಟಿನಲ್ಲಿ ಗೋಣು ಬಗ್ಗಿಸಿ ಕೂತಿದ್ದ. ಅವನ ಉಪಾಯ ಇಷ್ಟೇ: ಪೂರ್ತಿ ಮುಡಿ ಬೇಡ, ಮುಂದಲೆಯಿಂದ ಮೂರು ಕತ್ತರಿ ಕೂದಲು ಕೊಟ್ಟು ಕೈ ಮುಗಿಯುವುದು. ಅದು ಹೆಂಗಸರು ಮಾಡುವುದು ಕಣೋ ಎಂದರೆ, ದೇವರು ಭೇದ ಮಾಡಲ್ಲ ಎಂದ.

ದೇವರು ಮಾಡುತ್ತಿರಲಿಲ್ಲವೇನೋ, ಬೆಟ್ಟದ ಮೇಲೆ ಮುಡಿ ತೆಗೆಯುವ ಕಲ್ಯಾಣಕಟ್ಟೆಯ ಕ್ಷೌರಿಕ ಮಾಡಿದ. "ಮೂಡು ಕತ್ತೆರ್ಲಾ? ಅದಿ ಆಡವಾಳ್ಳಕಿ ಕದಯ್ಯಾ!" ಎಂದು ತೆಲುಗಿನಲ್ಲಿ ಜೋರಾಗಿ ನಕ್ಕು, ಅದು ಹೆಂಗಸರಿಗಲ್ಲವೇನಯ್ಯಾ ಎಂದು ಪಕ್ಕದವನಿಗೂ ಹೇಳಿ, ತಮ್ಮನ ತಲೆ ಬಗ್ಗಿಸಿ ಒಂದು ಮಗ್ ನೀರು ಸುರಿದೇಬಿಟ್ಟ.

ಒದ್ದೆಯಾದ ಕೂದಲು ಅಂಟಿಕೊಂಡಿತು. ಹಿಂದಲೆಯ ಚುಕ್ಕೆಗಳೆಲ್ಲ ಒಟ್ಟಿಗೇ ಕಣ್ಣು ಬಿಟ್ಟವು. ಅಮ್ಮ ಸರಿಯಾಗಿ ಅವನ ಹಿಂದೆಯೇ ನಿಂತಿದ್ದಳು.

"ಆಗಯ್ಯಾ!" ನಿಲ್ಲಿಸು ಎಂದು ಅಮ್ಮ ತೆಲುಗಿನಲ್ಲೇ ಕೂಗಿದ್ದಕ್ಕೆ ಕ್ಷೌರಿಕನ ಕತ್ತಿ ಮೇಲೇ ನಿಂತಿತು. "ಇದೇನೋ ಇದು? ಯಾವ ಮುಂಡೇಗಂಡನೋ ನಿನ್ನನ್ನ ಹಿಂಗೆ ಬೋಳಿಸಿದ್ದು?"

ತಮ್ಮ ತಲೆ ಎತ್ತದೆ, ನೆಲ ನೋಡಿಕೊಂಡೇ, ಗಡ್ಡದ ವಿಷಯ ಒಂದು ಬಿಟ್ಟು ಎಲ್ಲ ಹೇಳಿದ. ಬೆಂಗಳೂರು, ಮಂಕಿಕ್ಯಾಪ್, ಡೋನರ್ ಏರಿಯಾ, ರೇಜರ್ ತಾಗಿಸಬಾರದು ಎಂದದ್ದು.

"ಅದೇನೋ ಡೋನರು ಅಂದ್ರೆ?"

"ದಾನ ಕೊಡೋ ಜಾಗ ಕಣಮ್ಮ."

"ದಾನ ಕೊಡೋ ಜಾಗಾನ ಹಿಂಗಾ ಬಳಿಯೋದು? ಥೂ ಅವರ ಮನೆ ಹಾಳಾಗ. ನೀನು ಹೇಳ್ಲಿಲ್ವಲ್ಲೋ. ನಾನು ಊರಿಗೆಲ್ಲಾ ದೇವರು ಕೊಟ್ಟ ಅಂತ ಸಾರಿಕೊಂಡು ಬಂದೆನಲ್ಲೋ."

ತಮ್ಮ ಅಲ್ಲೂ ತನ್ನ ಬುದ್ಧಿ ಬಿಡಲಿಲ್ಲ. ನೀರು ಸೋರುವ ಮುಖ ಎತ್ತಿ, "ಹಂಗಾದ್ರೆ ಕೂದ್ಲು ದೇವರು ಕೊಟ್ಟಿದ್ದಲ್ವಲ್ಲಮ್ಮ. ಹರಕೆ ಲೆಕ್ಕಕ್ಕೆ ಬರಲ್ಲ, ಅಲ್ವಾ?" ಎಂದ.

"ಮದುವೆ? ಮದುವೇನೂ ಆ ಕ್ಲಿನಿಕ್ಕಿನೋನೇ ಗೊತ್ತು ಮಾಡಿದ್ನಾ?"

ತುಳಸಿಕಟ್ಟೆಯ ವಿಷಯ ಹೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ತಮ್ಮ ಮತ್ತೆ ತಲೆ ಬಗ್ಗಿಸಿದ. ತೆಗೆದುಬಿಡಿ, ಮೇಷ್ಟ್ರ ಮನೆಯವರು ಏನಾದರೂ ಅಂದುಕೊಳ್ಳಲಿ ಎನ್ನುವ ಹಾಗೆ ಕಣ್ಣು ಮುಚ್ಚಿಕೊಂಡ.

ಅಮ್ಮ ತನ್ನ ಸೆರಗಿನಿಂದಲೇ ಅವನ ತಲೆ ಒರೆಸಿ, ರಟ್ಟೆ ಹಿಡಿದು ಎಬ್ಬಿಸಿದಳು. ಕೈಚೀಲ ನನಗೆ ಕೊಟ್ಟು, ಹೆಂಗಸರಿಗೆ ಹೆಂಗಸರೇ ಮುಡಿ ತೆಗೆಯುವ ಕಡೆ ಹೋಗಿ ಕೂತಳು. ನಾನು ಹಿಂದೆಯೇ ಓಡಿದೆ.

ಅಲ್ಲಿದ್ದಾಕೆ ಅಮ್ಮನ ಜಡೆ ಕೈಯಲ್ಲಿ ಹಿಡಿದು ನೋಡಿ, ಕತ್ತರಿ ತೆಗೆದುಕೊಂಡು, "ಮೂಡು ಕತ್ತೆರ್ಲಾಮ್ಮಾ?" ಎಂದಳು.

"ಕಾದಮ್ಮಾ," ಎಂದಳು ಅಮ್ಮ. "ಗುಂಡು." ಮೂರು ಕತ್ತರಿಯಲ್ಲ, ಪೂರ್ತಿ ಬೋಳು.

ನನಗೆ ಅಳು ಬಂತು. ಆ ಜಡೆಯ ಮೇಲೆ ನಾನು ಅಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೆ, ಅದು ನೆಲಕ್ಕೆ ಬಿದ್ದಾಗ ನನ್ನದೇ ಬಿದ್ದ ಹಾಗೆ ಅತ್ತೆ. "ಅಮ್ಮ, ಮದುವೆ ಇಟ್ಕೊಂಡು ಹಿಂಗೆ ಮಾಡ್ಕೊಂಡ್ಯಲ್ಲಮ್ಮ. ಮಂಟಪದಲ್ಲಿ ಬೀಗರು ಏನಂತಾರೆ?"

"ಏನಂತಾರೆ? ಬಂದೋರೆಲ್ಲ ನನ್ನ ತಲೆ ನೋಡ್ತಾರೆ," ಎಂದಳು ಅಮ್ಮ, ನೆತ್ತಿಗೆ ಗಂಧ ಮೆತ್ತಿಕೊಳ್ಳುತ್ತಾ. "ಇವನ ತಲೆ ಯಾವಳು ನೋಡ್ತಾಳೆ?"

ದರ್ಶನ ಮುಗಿಸಿ ವಾಪಸ್ ಬಸ್ಸು ಹತ್ತಿದೆವು. ತಮ್ಮ ಅಭ್ಯಾಸದಂತೆ ಕಡೇ ಸೀಟಿನ ಕಡೆ ಹೊರಟ. ಅಮ್ಮನ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ.

"ಎಲ್ಲಿಗೋ?" ಎಂದಳು ಅಮ್ಮ. ತನ್ನ ಮುಂದಿನ ಸೀಟು ತಟ್ಟಿ ತೋರಿಸಿದಳು. "ಬಾ, ಮುಂದೆ ಕೂತ್ಕೋ. ಹಿಂದೆ ನಾನಿದೀನಲ್ಲ."

ಅವನು ಬಂದು ಕೂತ. ಮದನಪಲ್ಲಿ ದಾಟುವಷ್ಟರಲ್ಲಿ ಕತ್ತು ವಾಲಿ ನಿದ್ದೆ ಹೋದ. ಅಮ್ಮ ಅವನ ಹಿಂದಲೆಯನ್ನೇ ನೋಡುತ್ತಾ ಕೂತವಳು ಮೆಲ್ಲಗೆ ಒಂದು ಬೆರಳು ಚಾಚಿ ಮುಟ್ಟಿದಳು. ತಟ್ಟನೆ ಕೈ ಎಳೆದುಕೊಂಡಳು.

"ಏನೇ ಇದು? ಒಳ್ಳೆ ಗಡ್ಡ ಚುಚ್ಚಿದಂಗೆ ಚುಚ್ತದೆ!"

"ಗಡ್ಡಾನೇ ಕಣಮ್ಮ ಅದು" ಎಂದೆ.

ಅಮ್ಮ ನನ್ನ ಮುಖ ನೋಡಿದಳು, ಅವನ ತಲೆ ನೋಡಿದಳು. ಆಮೇಲೆ ನಗಲು ಶುರುಮಾಡಿದಳು ನೋಡಿ, ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕಳು. ನಗುವಿಗೆ ಸೆರಗು ಜಾರಿ, ಗಂಧ ಮೆತ್ತಿದ ಬೋಳುತಲೆ ಹಿಂದೆ ಕೂತವರಿಗೆಲ್ಲ ಕಂಡಿತು. ನಾನು ಸೆರಗು ಹೊದಿಸಲು ಹೋದೆ. "ಬಿಡೇ, ನೋಡ್ಲಿ" ಎಂದು ನನ್ನ ಕೈ ತಳ್ಳಿದಳು.